ಸಂಜೆಯವರೆಗೆ ನಿಲ್ಲುವ ಬಣ್ಣ

ನಮ್ಮ ಚಿಕ್ಕಮ್ಮನ ಮುಖ ಗೊತ್ತಿಲ್ಲದವರಿಗೂ ಅವಳ ರೆಪ್ಪೆಗಳು ಗೊತ್ತಿದ್ದವು. ಅಮ್ಮನ ಪಾರ್ಲರಿನ ಉದ್ದ ಗೋಡೆಯ ತುಂಬ ಅವೇ ಇದ್ದವು: ಹುಬ್ಬಿನಿಂದ ಮೂಗಿನ ಅರ್ಧದವರೆಗೆ ಕತ್ತರಿಸಿದ ಫೋಟೋಗಳು, ಎಲ್ಲದರಲ್ಲೂ ಮುಚ್ಚಿದ ಎರಡು ಕಣ್ಣು, ಒಂದೊಂದು ಕಣ್ಣಿಗೆ ಒಂದೊಂದು ಬಣ್ಣ. ಅಲಂಕಾರ ಮಾಡಿಸಿಕೊಳ್ಳಲು ಬಂದವರು ಗೋಡೆಯ ಮುಂದೆ ನಿಂತು, "ನಂಗೆ ಈ ಕಣ್ಣು ಇರ್ಲಿ" ಎಂದು ಬೆರಳು ತೋರಿಸುತ್ತಿದ್ದರು. ಆ ಕಣ್ಣಿನ ಯಜಮಾನಿ ಪಕ್ಕದಲ್ಲೇ ನಿಂತು ಟವೆಲ್ ಮಡಿಸುತ್ತಿದ್ದಾಳೆಂದು ಎಷ್ಟೋ ಜನಕ್ಕೆ ತಿಳಿಯುತ್ತಿರಲಿಲ್ಲ. ತಿಳಿದವರು ಅವಳ ಕಣ್ಣು ತೆರೆದಿರುವುದನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದರು.

ಡಬ್ಬಿಯಲ್ಲಿರುವ ಬಣ್ಣವನ್ನು ನಂಬಬಾರದು ಎನ್ನುವುದು ಅಮ್ಮನ ಕಸುಬಿನ ಮೊದಲ ಪಾಠ. ಡಬ್ಬಿಯಲ್ಲಿ ರಾಣಿಯ ಹಾಗೆ ಮಿಂಚುವುದು ರೆಪ್ಪೆಗೆ ಬಂದರೆ ಬೂದಿಯ ಹಾಗೆ ಕಾಣಬಹುದು. ಅದಕ್ಕೆ ರೆಪ್ಪೆಗೆ ಹಚ್ಚುವ ಐಶ್ಯಾಡೋ ಪುಡಿಗಳ ಯಾವ ಹೊಸ ಡಬ್ಬಿ, ಅಂದರೆ ಪ್ಯಾಲೆಟ್, ಬಂದರೂ ಅದು ಗಿರಾಕಿಯ ಮುಖ ಕಾಣುವ ಮೊದಲು ಚಿಕ್ಕಮ್ಮನ ಮುಖ ಕಾಣಬೇಕು. ಬೆಳಿಗ್ಗೆ ಅಮ್ಮ ಅವಳನ್ನು ಕನ್ನಡಿಯ ಮುಂದಿನ ಎತ್ತರದ ಕುರ್ಚಿಯಲ್ಲಿ ಕೂರಿಸಿ, "ಕಣ್ಣು ಮುಚ್ಚು" ಎಂದು ಬಲಗಣ್ಣಿಗೆ ಒಂದು ಬಣ್ಣ, ಎಡಗಣ್ಣಿಗೆ ಇನ್ನೊಂದು ಬಣ್ಣ ಹಚ್ಚಿ, ಫೋಟೋ ತೆಗೆದು ಬಿಟ್ಟುಬಿಡುವಳು. ಆಮೇಲೆ ಇಡೀ ದಿನ ಮುಖ ತೊಳೆಯುವಂತಿಲ್ಲ. ಚಿಕ್ಕಮ್ಮ ಅದೇ ಅವತಾರದಲ್ಲಿ ಅಡುಗೆ ಮಾಡಬೇಕು, ಮಾರ್ಕೆಟ್ಟಿಗೆ ಹೋಗಬೇಕು, ಬಿಸಿಲಲ್ಲಿ ಬೆವರಬೇಕು. ಸಂಜೆ ಕೊನೆಯ ಪರೀಕ್ಷೆ: ಈರುಳ್ಳಿ ಹೆಚ್ಚುವುದು. ಮದುವೆಯ ಹೆಣ್ಣು ಅಂದಮೇಲೆ ಅಳದೆ ಇರುತ್ತಾಳೆಯೇ? ಅತ್ತರೂ ನಿಲ್ಲುವ ಬಣ್ಣವೇ ಬಣ್ಣ. ಚಿಕ್ಕಮ್ಮ ಕಣ್ಣಲ್ಲಿ ಧಾರಾಕಾರ ನೀರು ಸುರಿಸಿ ಮುಗಿಸಿದ ಮೇಲೆ ಅಮ್ಮ ಅವಳ ಗಲ್ಲ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ನೋಡಿ, "ಬಲಗಡೇದು ನಿಂತಿದೆ, ಎಡಗಡೇದು ಇಳಿದಿದೆ" ಎಂದು ತೀರ್ಪು ಕೊಡುವಳು. ನಿಂತದ್ದು ಕೆಲಸಕ್ಕೆ, ಇಳಿದದ್ದು ಕಪಾಟಿನ ಮೂಲೆಗೆ. ನಮ್ಮ ಮನೆಯ ಅರ್ಧ ಅಡುಗೆಗೆ ಈ ಕಾರಣದಿಂದಲೇ ಈರುಳ್ಳಿ ಜಾಸ್ತಿ.

ಎರಡು ಕಣ್ಣಿಗೆ ಎರಡು ಬಣ್ಣ ಬಳಿದುಕೊಂಡು ಬೀದಿಯಲ್ಲಿ ಓಡಾಡುವ ಹೆಂಗಸನ್ನು ಜನ ಸುಮ್ಮನೆ ಬಿಡುವುದುಂಟೇ? ಅವಳಿಗೆ ಜೋಡಿಬಣ್ಣ ಎಂದು ಹೆಸರಿಟ್ಟಿದ್ದರು. ತರಕಾರಿ ಮಾರುವ ಹೆಂಗಸಂತೂ ಇವಳು ಕಂಡ ಕೂಡಲೇ, "ಬಂದ್ಲಪ್ಪ ಜೋಡಿಬಣ್ಣ, ಎಲ್ಲಿ, ಒಂದ್ಸಲ ಕಣ್ಣು ಮುಚ್ಚು ನೋಡೋಣ" ಎಂದು ತಕ್ಕಡಿ ಕೆಳಗಿಡುತ್ತಿದ್ದಳು. ಚಿಕ್ಕಮ್ಮ ಬದನೆಕಾಯಿಗಳ ಮುಂದೆ ಕಣ್ಣು ಮುಚ್ಚಿ ನಿಲ್ಲುವಳು. ಆಕೆ, "ಒಂದೂ ಚೆನ್ನಾಗಿಲ್ಲ. ಎಡಗಡೇದು ಬಾಡಿದ ಸೊಪ್ಪಿನ ಹಂಗಿದೆ. ನಿಮ್ಮಕ್ಕಂಗೆ ಹೇಳು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವಳು. ಇಬ್ಬರೂ ಬಿದ್ದು ಬಿದ್ದು ನಗುವರು. ಚಿಕ್ಕಮ್ಮ ಮದುವೆಯಾಗಲಿಲ್ಲ. ಯಾಕೆ ಎಂದು ಕೆದಕಿದವರಿಗೆ, "ಎರಡು ಕಣ್ಣಿಗೂ ಒಂದೇ ಬಣ್ಣ ಹಚ್ಚಿದ ದಿನ ನೋಡಕ್ಕೆ ಬನ್ನಿ ಅಂದಿದ್ದೆ. ಆ ದಿನ ಬರ್ಲೇ ಇಲ್ಲ" ಎನ್ನುತ್ತಿದ್ದಳು. ಆ ಮಾತಿನ ಹಿಂದೆ ಬೇಸರವಿತ್ತೋ ಇಲ್ಲವೋ ನಾನು ಕೇಳಲಿಲ್ಲ. ನನಗೆ ಕಂಡಂತೆ ಆ ಎತ್ತರದ ಕುರ್ಚಿಯಲ್ಲಿ ಕೂತಾಗ ಅವಳಷ್ಟು ಸುಖಿ ಇನ್ನೊಬ್ಬರಿರಲಿಲ್ಲ. ಅಕ್ಕನ ಬೆರಳು ರೆಪ್ಪೆಯ ಮೇಲೆ, ತಾನು ನಿದ್ದೆಯ ಅಂಚಿನಲ್ಲಿ.

ಮೊದಲು ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಅವಳು ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿದಳು, ಅಷ್ಟೆ. ಆಮೇಲೆ ನಡೆಯುವಾಗ ಗೋಡೆ ಹಿಡಿಯತೊಡಗಿದಳು. ಆಸ್ಪತ್ರೆಯಲ್ಲಿ ಕಿವಿಯ ಹಿಂದೆ, ತಲೆಯೊಳಗೆ ಗಡ್ಡೆಯಿದೆ ಎಂದರು. ಕೆಟ್ಟ ಗಡ್ಡೆಯಲ್ಲ, ಆದರೆ ಕೂತಿರುವ ಜಾಗ ಕೆಟ್ಟದ್ದು. ತೆಗೆಯುವಾಗ ಮುಖದ ನರಕ್ಕೆ ಪೆಟ್ಟಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗೇ ಆಯಿತು. ಜೀವ ಉಳಿಯಿತು, ಎಡಗಡೆಯ ಮುಖ ನಿಂತುಹೋಯಿತು. ಬಾಯಿ ಒಂದು ಕಡೆ ಜಗ್ಗಿತು. ಎಡಗಣ್ಣು ಮುಚ್ಚದೆ ಉಳಿಯಿತು, ಅದರಲ್ಲಿ ನೀರು ಬರುವುದೂ ನಿಂತಿತು. ರೆಪ್ಪೆ ಕಣ್ಣನ್ನು ಕಾದ ಹಾಗೆ ಎಂದು ಜನ ಸುಮ್ಮನೆ ಹೇಳುವುದಲ್ಲ. ಕಾಯುವುದು ನಿಂತ ಮೇಲೆ ನಮಗದು ಗೊತ್ತಾಯಿತು. ಆಗಾಗ ಡ್ರಾಪ್ಸ್ ಹಾಕಬೇಕು, ಮುಲಾಮು ಹಚ್ಚಬೇಕು, ಮಲಗುವಾಗ ರೆಪ್ಪೆಯನ್ನು ಬೆರಳಿನಿಂದ ಎಳೆದು ಟೇಪು ಅಂಟಿಸಬೇಕು. ಧೂಳು ಬೀಳಬಾರದು. ಬಿದ್ದರೂ ಅವಳಿಗೆ ಸರಿಯಾಗಿ ತಿಳಿಯುವುದಿಲ್ಲ ಎಂದು ಡಾಕ್ಟರು ಒತ್ತಿ ಹೇಳಿದ್ದರು.

ಅವಳು ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಅಮ್ಮ ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ತೆಗೆದು ಮಂಚದ ಕೆಳಗೆ ಸೇರಿಸಿದಳು. ನೋಡಿದರೆ ಅವಳ ಕರುಳು ಕಿತ್ತು ಬರುತ್ತದೆ ಎನ್ನುವುದು ಅಮ್ಮನ ಲೆಕ್ಕ. ಚಿಕ್ಕಮ್ಮ ನನ್ನ ತೋಳು ಹಿಡಿದು ಒಳಗೆ ಬಂದವಳು ಮೊದಲು ನೋಡಿದ್ದೇ ಆ ಗೋಡೆಯನ್ನು. ಸುಣ್ಣ ಮಾಸಿದ ಗೋಡೆಯಲ್ಲಿ ಫೋಟೋ ಇದ್ದ ಜಾಗಗಳು ಮಾತ್ರ ಬೆಳ್ಳಗೆ ಕಾಣುತ್ತಿದ್ದವು. ಅವಳು ನೇರ ಹಿಂದಿನ ಕೋಣೆಗೆ ಹೋದಳು, ಅಲ್ಲೇ ಉಳಿದಳು. ಬ್ರಷ್ ತೊಳೆಯುವುದು, ಟವೆಲ್ ಒಗೆಯುವುದು, ಅಡುಗೆ. ಗಿರಾಕಿಗಳಿದ್ದಾಗ ಪರದೆ ದಾಟುತ್ತಿರಲಿಲ್ಲ. ಹೊರಗೆ ಹೋದರೆ ಕಪ್ಪು ಕನ್ನಡಕ, ಕೆನ್ನೆ ಮುಚ್ಚುವ ಬಟ್ಟೆ. "ತಂಗಿ ಎಲ್ಲಿ, ಕಾಣ್ಸೋದೇ ಇಲ್ಲ?" ಎಂದು ಕೇಳಿದವರಿಗೆ ಅಮ್ಮ, "ಒಳಗಿದ್ದಾಳೆ" ಎಂದು ಮಾತು ತೇಲಿಸುತ್ತಿದ್ದಳು. ತನ್ನನ್ನು ಕಂಡರೆ ಅಕ್ಕನಿಗೆ ನಾಚಿಕೆ ಎಂದು ತಂಗಿ ತಿಳಿದಳು. ಕುರ್ಚಿಯ ಹತ್ತಿರ ಕರೆದರೆ ನೋವಾಗುತ್ತದೆ ಎಂದು ಅಕ್ಕ ತಿಳಿದಳು. ನಡುವೆ ನಾನು, ಜನರ ಹುಬ್ಬಿಗೆ ದಾರ ಎಳೆಯುತ್ತ, ಇಬ್ಬರ ಮೇಲೂ ಹಲ್ಲು ಕಡಿಯುತ್ತ ನಿಂತಿದ್ದೆ.

ಆಮೇಲೆ ಅಮ್ಮ ಹೊಸ ಪ್ಯಾಲೆಟ್ ತರಿಸುವುದನ್ನೇ ಬಿಟ್ಟಳು. ಮುಗಿದದ್ದಕ್ಕೆ ಬದಲು ಮತ್ತೆ ಅದೇ ಕಂದು, ಅದೇ ತಾಮ್ರ, ಅದೇ ಇಟ್ಟಿಗೆ ಬಣ್ಣ. ಪಾರ್ಲರಿನ ಮಾತಿನಲ್ಲಿ ಬಣ್ಣಗಳಿಗೆ ಎರಡು ಜಾತಿ: ಕೆಂಪು, ಕಂದಿನ ಕಡೆಯವು ಬಿಸಿ, ನೀಲಿ, ಬೂದು ಕಡೆಯವು ತಂಪು. ನಮ್ಮಲ್ಲಿ ಬಿಸಿಯದ್ದು ಮಾತ್ರ ಉಳಿಯಿತು.

ಹೀಗಿರುವಾಗ ಎದುರು ಬೀದಿಯ ಟೈಲರ್ ತನ್ನ ಮಗಳನ್ನು ಕರೆದುಕೊಂಡು ಬಂದ. ಮುಂದಿನ ವಾರ ಅವಳ ಮದುವೆ. ಮಗಳ ಮದುವೆಯ ಬಟ್ಟೆಯನ್ನು ಅವನೇ ಹೊಲಿದಿದ್ದ, ಬೂದುಗಪ್ಪು ಬೆರೆತ ನೀಲಿ. ತುಂಡೊಂದನ್ನು ಜೇಬಿನಿಂದ ತೆಗೆದು ಅಮ್ಮನ ಕೈಗಿಟ್ಟು, "ಇದಕ್ಕೆ ನಿಮ್ಮ ಇಟ್ಟಿಗೆ ಬಣ್ಣ ಹಚ್ಚಬೇಡಿ ಅಕ್ಕ, ಇವಳು ಊಟ ಬಿಟ್ಟು ಕೂತಿದ್ದಾಳೆ" ಎಂದ. ಹುಡುಗಿ ಫೋನಿನಲ್ಲಿ ತನಗೆ ಬೇಕಾದಂಥ ಕಣ್ಣಿನ ಒಂದು ಚಿತ್ರ ತೋರಿಸಿದಳು. ಅಮ್ಮನಿಗೆ ಇಲ್ಲ ಎನ್ನಲಾಗಲಿಲ್ಲ. ತಂಪು ಬಣ್ಣಗಳ ಒಂದು ಹೊಸ ಪ್ಯಾಲೆಟ್ ತರಿಸಿದಳು.

ಅದು ಬಂದ ದಿನ ಅಮ್ಮ ಅದನ್ನು ಕನ್ನಡಿಯ ಮುಂದೆ ಬಿಚ್ಚಿದಳು. ಹೊಗೆಯ ಬೂದು, ಸ್ಲೇಟಿನ ಕಪ್ಪು, ತೆಳು ನೇರಳೆ, ಉಜ್ಜಿ ಉಜ್ಜಿ ಹೊಳಪು ಇಳಿದ ಸ್ಟೀಲ್ ಲೋಟದಂಥ ಬೆಳ್ಳಿ ಬಣ್ಣ, ಮಂಕು ನೀಲಿ. ಮುಚ್ಚಳ ಟಕ್ ಎಂದದ್ದು ಒಳಗೆ ಕೇಳಿಸಿರಬೇಕು. ಹಿಂದಿನ ಕೋಣೆಯಲ್ಲಿ ನಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಪರದೆ ಸರಿಸಿ ಬಂದು ನಿಂತಳು. ಮುಖ ತೊಳೆದಿದ್ದಳು. ಕಣ್ಣಿನ ಸುತ್ತ ಸದಾ ಜಿಡ್ಡಾಗಿರುತ್ತಿದ್ದ ಮುಲಾಮನ್ನು ಒರೆಸಿ ತೆಗೆದಿದ್ದಳು. ಕೂದಲನ್ನು ಹಿಂದಕ್ಕೆ ಎಳೆದು ಕ್ಲಿಪ್ ಹಾಕಿದ್ದಳು, ಕುರ್ಚಿಯಲ್ಲಿ ಕೂರುವವರು ಹಾಕಿಕೊಳ್ಳುವ ಹಾಗೆ.

ಅಮ್ಮ ಅವಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಬಾರೇ, ಕೂತ್ಕೋ" ಎಂದಳು.

ನಾನು ಕೂತೆ. ಕೂರಬಾರದಿತ್ತು ಅನ್ನಿ, ಆದರೆ ಅಮ್ಮನ ದನಿಯಲ್ಲಿ ಅಂಥದ್ದೊಂದು ಗಾಬರಿಯಿತ್ತು. ನನ್ನ ರೆಪ್ಪೆಗಳೋ, ಬ್ರಷ್ ಕಂಡರೆ ಪಟಪಟ ಬಡಿದುಕೊಳ್ಳುವ ಜಾತಿಯವು. ಅಮ್ಮ ಹೇಗೋ ಹಚ್ಚಿ ಮುಗಿಸಿದಳು. ಚಿಕ್ಕಮ್ಮ ಅಷ್ಟು ಹೊತ್ತೂ ನಿಂತೇ ಇದ್ದಳು. "ಚೆನ್ನಾಗಿದೆ" ಎಂದು ಒಳಗೆ ಹೋದಳು. ಬ್ರಷ್ಷೆಲ್ಲ ಬೆಳಿಗ್ಗೆಯೇ ತೊಳೆದಾಗಿತ್ತು, ಆದರೂ ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು.

ನನಗೆ ತಡೆಯಲಾಗಲಿಲ್ಲ. "ಅವಳು ಮುಖ ತೊಳ್ಕೊಂಡು ಬಂದಿದ್ಲು, ನೋಡ್ಲಿಲ್ವಾ ನೀನು?" ಎಂದೆ.

"ನೋಡ್ದೆ. ಕುರುಡಿಯಲ್ಲ ನಾನು."

"ಮತ್ತೆ?"

"ಆ ಕಣ್ಣಿಗೆ ಪುಡಿ ಬಿದ್ರೆ ಯಾರು ಜವಾಬ್ದಾರಿ? ಡಾಕ್ಟ್ರು ಏನಂದ್ರು, ಮರ್ತೋಯ್ತಾ?" ಎಂದವಳು ಬಟ್ಟೆಯ ತುಂಡನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಕೂರಿಸಿಬಿಡಬಹುದು. ಕೂರಿಸಿ ಏನಂತ ಹೇಳ್ಲಿ? ಕಣ್ಣು ಮುಚ್ಚು ಅಂತ ನನ್ನ ಬಾಯಲ್ಲಿ ಹೆಂಗೆ ಬರುತ್ತೆ?"

ಇಷ್ಟು ದಿನ ಅಮ್ಮನ ಮೇಲೆ ಕಟ್ಟಿಕೊಂಡು ಬಂದಿದ್ದ ಸಿಟ್ಟನ್ನು ಏನು ಮಾಡುವುದೆಂದು ತಿಳಿಯದೆ ಕುರ್ಚಿಯಿಂದ ಇಳಿದೆ.

ಮರುದಿನ ಎದ್ದಾಗ ನನ್ನ ಕಣ್ಣುಗಳು ಊದಿಕೊಂಡಿದ್ದವು. ಬಣ್ಣ ಹಿಂದಿನ ದಿನ ಮಧ್ಯಾಹ್ನಕ್ಕೆ ಮೊದಲೇ ನಾನು ಉಜ್ಜಿ ಉಜ್ಜಿ ಹೋಗಿತ್ತು, ಬಣ್ಣದ ತಪ್ಪೋ ನನ್ನ ಕೈಯ ತಪ್ಪೋ ಹೇಳುವವರಿಲ್ಲ. ಪರೀಕ್ಷೆ ನೀರಿನಲ್ಲಿ ಹೋಮ. ಅಮ್ಮ ಪ್ಯಾಲೆಟನ್ನು ಮುಂದಿಟ್ಟುಕೊಂಡು ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಮಧ್ಯಾಹ್ನ ಕಳೆದಿತ್ತು, ಗಿರಾಕಿಗಳಿಲ್ಲದ ಹೊತ್ತು. ಚಿಕ್ಕಮ್ಮ ಒಳಗಿನಿಂದ ಬಂದಳು, ಯಾರನ್ನೂ ಕೇಳದೆ ಕುರ್ಚಿ ಹತ್ತಿ ಕೂತಳು.

"ಅಕ್ಕ, ಹಚ್ಚು."

"ಬೇಡ ಕಣೇ. ಪುಡಿ ಉದುರುತ್ತೆ."

"ಬ್ರಷ್ ಒದ್ದೆ ಮಾಡಿ ಹಚ್ಚು, ಉದುರಲ್ಲ. ಇಷ್ಟು ವರ್ಷ ಏನು ಕಲಿತೆ ನೀನು?" ಎಂದಳು ಚಿಕ್ಕಮ್ಮ. ತುಟಿಯ ಒಂದೇ ಬದಿಯಿಂದ ಬರುವ ಮಾತು ಈಗ ಸ್ವಲ್ಪ ತೊದಲುತ್ತದೆ. "ಆ ಹುಡುಗಿ ಮದುವೇಲಿ ಕೆಟ್ಟದಾಗಿ ಕಂಡ್ರೆ ಟೈಲರ್ ನಿನ್ನ ಕೈಗೆ ಸೂಜಿ ಚುಚ್ತಾನೆ. ಹಚ್ಚು."

ಅಮ್ಮ ಎದ್ದಳು. ಕೈ ತೊಳೆದಳು. ಬ್ರಷ್ ಒದ್ದೆ ಮಾಡಿ, ಟಿಶ್ಯೂಗೆ ಒತ್ತಿ, ತೆಳು ನೇರಳೆಯಲ್ಲಿ ಅದ್ದಿ ತಂಗಿಯ ಮುಖದ ಹತ್ತಿರ ಬಗ್ಗಿದಳು. ಎಷ್ಟೋ ವರ್ಷದ ಅಭ್ಯಾಸ. ನಾಲಿಗೆ ಅವಳ ಮಾತು ಕೇಳಲಿಲ್ಲ.

"ಕಣ್ಣು ಮುಚ್ಚು" ಎಂದಳು.

ಎಂದವಳೇ ಹಾಗೇ ನಿಂತುಬಿಟ್ಟಳು. ಚಿಕ್ಕಮ್ಮನ ಬಲಗಣ್ಣು ಮುಚ್ಚಿತು. ಎಡಗಣ್ಣಿನ ಕಪ್ಪು ಗುಡ್ಡೆ ಮೇಲಕ್ಕೆ ಸರಿದು ಬಿಳಿ ಮಾತ್ರ ಕಾಣಿಸಿತು, ರೆಪ್ಪೆ ಇದ್ದಲ್ಲೇ ಇತ್ತು. ನಾನು ಗೋಡೆಯ ಕಡೆ ನೋಡಿದೆ. ಅಲ್ಲಿಯೂ ನೋಡುವಂಥದ್ದೇನೂ ಇರಲಿಲ್ಲ.

"ಮುಚ್ಚಿದೀನಿ ಅಕ್ಕ" ಎಂದಳು ಚಿಕ್ಕಮ್ಮ, ಮೆಲ್ಲಗೆ. "ನನ್ನ ಕಡೆಯಿಂದ ಎರಡೂ ಮುಚ್ಚಿದೀನಿ. ನೀನು ಹಚ್ಚು."

ಬಲಗಣ್ಣಿಗೆ ತೆಳು ನೇರಳೆ, ಅಂಚಿಗೆ ಹೊಗೆಯ ಬೂದು. ಎಡಗಣ್ಣಿಗೆ ಬಂದಾಗ ಚಿಕ್ಕಮ್ಮ ತಾನೇ ಬೆರಳಿನ ತುದಿಯಿಂದ ರೆಪ್ಪೆಯನ್ನು ಕೆಳಕ್ಕೆ ಎಳೆದು ಹಿಡಿದಳು, ಅಮ್ಮ ಅವಳ ಉಗುರಿನ ಸುತ್ತ ಬ್ರಷ್ ತಿರುಗಿಸುತ್ತ ಬೆಳ್ಳಿ ಬಣ್ಣ, ಅದರ ಮೇಲೆ ಮಂಕು ನೀಲಿ ಹಚ್ಚಿದಳು. ಕೊನೆಗೆ ಫೋಟೋ ತೆಗೆಯಲು ಫೋನ್ ಎತ್ತಿದವಳು ಮತ್ತೆ ಕೆಳಗಿಟ್ಟಳು. ಚಿಕ್ಕಮ್ಮ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. ಆಪರೇಷನ್ ಆದ ಮೇಲೆ ಅವಳು ಆ ಕನ್ನಡಿಯ ಮುಂದೆ ಅಷ್ಟು ಹೊತ್ತು ಇದ್ದದ್ದನ್ನು ನಾನು ನೋಡಿರಲಿಲ್ಲ.

"ಸರಿ, ಮಾರ್ಕೆಟ್ಟಿಗೆ ಹೋಗ್ಬರ್ತೀನಿ" ಎಂದಳು. ಕಪ್ಪು ಕನ್ನಡಕ ಮೊಳೆಯಲ್ಲೇ ನೇತಾಡುತ್ತಿತ್ತು, ಅವಳು ಅದನ್ನು ಮುಟ್ಟಲಿಲ್ಲ. ಅಮ್ಮ ನನಗೆ ಕಣ್ಸನ್ನೆ ಮಾಡಿದಳು, ನಾನು ಚೀಲ ಹಿಡಿದು ಹಿಂದೆ ಹೊರಟೆ.

ಬೀದಿಯಲ್ಲಿ ಅವಳು ತಲೆಯೆತ್ತಿಯೇ ನಡೆದಳು. ಗಾಳಿಗೆ ಕಣ್ಣು ಒಣಗದಿರಲೆಂದು ಎಡಗೈಯನ್ನು ಮಾತ್ರ ಹಣೆಗೆ ಅಡ್ಡ ಹಿಡಿದಿದ್ದಳು. ಕಿರಾಣಿಯಂಗಡಿಯವನು ಎದ್ದು ನಿಂತ. ಬೇಕರಿಯ ಮುಂದೆ ಟೀ ಕುಡಿಯುತ್ತಿದ್ದವರು ಲೋಟದೊಳಗೆ ನೋಡತೊಡಗಿದರು. ಯಾರೂ ಜೋಡಿಬಣ್ಣ ಎನ್ನಲಿಲ್ಲ. ಅವಳು ಕಾಯುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು. ದೇವರೇ, ಒಬ್ಬರಾದರೂ ಒಂದು ಕೊಂಕು ಮಾತಾಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ತರಕಾರಿಯವಳ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು. ಅವಳ ನಾಲಿಗೆಗೆ ಮೂಳೆಯಿಲ್ಲ, ಯಾರ ಮುಲಾಜೂ ಇಲ್ಲ.

ತರಕಾರಿಯವಳು ಇವಳನ್ನು ನೋಡಿದಳು. ತಕ್ಕಡಿ ಕೆಳಗಿಡಲಿಲ್ಲ. "ಬಾ ತಾಯಿ" ಎಂದಳು. ಎಂದೂ ಇವಳನ್ನು ತಾಯಿ ಎಂದು ಕರೆದವಳಲ್ಲ.

ಚಿಕ್ಕಮ್ಮ ಬದನೆಕಾಯಿಗಳ ಮುಂದೆ ನಿಂತಳು, ಮೊದಲಿನ ಹಾಗೆ. "ಹೊಸಾ ಬಣ್ಣ. ಯಾವುದು ಚೆನ್ನಾಗಿದೆ ಹೇಳು, ಎಡವೋ ಬಲವೋ?" ಎಂದು ತಾನೇ ಕೇಳಿದಳು. ಕೇಳಿ ಕಣ್ಣು ಮುಚ್ಚಿದಳು, ತನ್ನಿಂದ ಆಗುವಷ್ಟು.

ತರಕಾರಿಯವಳ ಕೈ ಈರುಳ್ಳಿ ರಾಶಿಯ ಮೇಲೆ ಹಾಗೇ ನಿಂತಿತು. "ಎರಡೂ ಚೆನ್ನಾಗಿದೆ ತಾಯಿ" ಎಂದಳು. "ಭಾಳ ಚೆನ್ನಾಗಿದೆ." ಮುಖ ಆ ಕಡೆ ತಿರುಗಿಸಿ ತೂಗಿದಳು, ತೂಗಿದ ಮೇಲೆ ಇನ್ನೊಂದು ಹಿಡಿ ಈರುಳ್ಳಿ ಚೀಲಕ್ಕೆ ಹಾಕಿದಳು, ಕೇಳದೆಯೇ. ಪಾಪ, ಅವಳದ್ದೇನು ತಪ್ಪು? ಒಳ್ಳೆಯ ಹೆಂಗಸು. ಆದರೆ ಆ ಒಂದು ಹಿಡಿ ಈರುಳ್ಳಿಯನ್ನು ಅವಳ ಮುಂದೆಯೇ ಸುರಿದು ಬರಬೇಕು ಎನ್ನುವಷ್ಟು ಸಿಟ್ಟು ನನಗೆ ಬಂತು.

ಬರುವಾಗ ನಾನು ಚಿಕ್ಕಮ್ಮನ ಎಡಗಡೆಗಿದ್ದೆ. ಆ ಕಡೆಯಿಂದ ನೋಡಿದರೆ ಅವಳ ಮುಖದಲ್ಲಿ ಏನೂ ಆಗಿರಲಿಲ್ಲ. ಕೆನ್ನೆ ಅಲುಗಲಿಲ್ಲ, ಕಣ್ಣು ಒಣಗಿತ್ತು. ಬೀದಿ ದಾಟುವಾಗ ಅವಳ ಬಲಗಡೆಗೆ ಹೋಗಬೇಕಾಯಿತು. ಆಗ ಕಂಡಿತು, ಆ ಕಡೆ ಕಣ್ಣೀರಿಗೆ ಎಲ್ಲ ಹರಿದು ಹೋಗುತ್ತಿತ್ತು.

ಪಾರ್ಲರಿಗೆ ಬಂದಾಗ ಟ್ಯೂಬ್‌ಲೈಟ್ ಹಾಕುವ ಹೊತ್ತು. ಅಮ್ಮ ಎಲ್ಲ ಮೊದಲಿನಂತೆಯೇ ನಡೆಯಲಿ ಎಂದು ಪಣ ತೊಟ್ಟವಳ ಹಾಗೆ ಮಣೆ, ಚಾಕು ತಂದು ಮೇಜಿನ ಮೇಲೆ ಜೋಡಿಸಿಟ್ಟಿದ್ದಳು. "ತಂದ್ಯಾ? ಕೂತ್ಕೋ, ಈರುಳ್ಳಿ ಹೆಚ್ಚು. ಆಮೇಲೆ ನೋಡೋಣ" ಎಂದಳು, ಗೆಲುವಿನ ದನಿ ತಂದುಕೊಂಡು.

"ಇವತ್ತು ಈರುಳ್ಳಿ ಬೇಡ ಅಕ್ಕ" ಎಂದಳು ಚಿಕ್ಕಮ್ಮ. "ಅದಾಯ್ತು."

ಅಮ್ಮ ನನ್ನ ಮುಖ ನೋಡಿದಳು. ನಾನು ಚೀಲವನ್ನು ಮೂಲೆಗಿಟ್ಟೆ. ಅವಳು ಏನಾಯಿತೆಂದು ಕೇಳಲಿಲ್ಲ. ಕೇಳಿದರೆ ಏನು ಕೇಳಬೇಕಾಗುತ್ತದೋ ಎಂದು ಹೆದರಿದಳೆಂದು ಕಾಣುತ್ತದೆ, ಅವಸರದಲ್ಲಿ ಕೆಲಸಕ್ಕೆ ಕೈ ಹಾಕಿದಳು. ತಂಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಬಲಗಣ್ಣಿನ ನೇರಳೆ ಕೆನ್ನೆಯವರೆಗೆ ಗೆರೆಯಾಗಿ ಇಳಿದಿತ್ತು, ಬೂದು ಕಲೆಸಿಹೋಗಿತ್ತು. ಎಡಗಣ್ಣಿನ ಬೆಳ್ಳಿ, ನೀಲಿ ಹಚ್ಚಿದ ಹಾಗೇ ಇದ್ದವು. ಒಂದು ಚೂರೂ ಕದಲಿರಲಿಲ್ಲ. ಅಮ್ಮನಿಗೆ ಒಂದು ಗಳಿಗೆ ಕಸುಬೇ ಕಣ್ಣಿಗೆ ಕಟ್ಟಿತು. ಮುಖ ಅರಳಿತು.

"ನೇರಳೆ ಬೇಡ. ಈ ನೀಲೀನೇ ಸರಿ. ಎಷ್ಟು ಚೆನ್ನಾಗಿ ನಿಂತಿದೆ ನೋಡೇ" ಎಂದು ನನ್ನನ್ನು ಕರೆದಳು. "ಟೈಲರ್ ಮಗಳಿಗೆ ಇದನ್ನೇ ಹಚ್ಚೋಣ. ಎಷ್ಟು ಅತ್ರೂ ಇಳಿಯಲ್ಲ."

ಚಿಕ್ಕಮ್ಮ ಅಮ್ಮನ ಕೈಯನ್ನು ತನ್ನ ಗಲ್ಲದಿಂದ ಮೆಲ್ಲಗೆ ಬಿಡಿಸಿದಳು.

"ಅದನ್ನ ನಂಬಬೇಡ ಅಕ್ಕ" ಎಂದಳು. "ಆ ಕಣ್ಣು ಅತ್ತಿಲ್ಲ."

ಅಮ್ಮ ಕೂರಲು ಏನಾದರೂ ಇದೆಯೇ ಎಂದು ಹಿಂದೆ ಕೈಯಾಡಿಸಿದಳು. ಸ್ಟೂಲ್ ಸಿಕ್ಕಿತು, ಕೂತಳು. ಇಷ್ಟು ತಿಂಗಳು ತಡೆದಿಟ್ಟಿದ್ದೆಲ್ಲ ಒಮ್ಮೆಗೇ ಬಂತು. ಸೆರಗು ಹುಡುಕಿದವಳ ಕೈಗೆ ಸಿಕ್ಕಿದ್ದು ಟೈಲರನ ಬಟ್ಟೆಯ ತುಂಡು, ಅದರಲ್ಲೇ ಮುಖ ಮುಚ್ಚಿಕೊಂಡಳು. "ಆ ಫೋಟೋ ತೆಗೆದಿದ್ದು ನಾಚಿಕೆಗಲ್ಲ ಕಣೇ" ಎಂದಳು ಅದರೊಳಗಿನಿಂದ. "ನಿನ್ನಾಣೆ ಅದಕ್ಕಲ್ಲ."

"ಗೊತ್ತಾಯ್ತು ಬಿಡು" ಎಂದಳು ಚಿಕ್ಕಮ್ಮ. "ಕಣ್ಣು ಮುಚ್ಚು ಅಂದು ಹಾಗೇ ನಿಂತ್ಬಿಟ್ಯಲ್ಲ, ಆಗ್ಲೇ ಗೊತ್ತಾಯ್ತು." ಆಮೇಲೆ ಕೆಲಸದ ಮಾತಾಡಿದಳು. "ನೀಲೀನ ನಾಳೆ ಬಲಗಣ್ಣಿಗೆ ಹಚ್ಚು. ಇನ್ನು ಮೇಲೆ ದಿನಕ್ಕೆ ಒಂದೇ ಬಣ್ಣ. ನಾನು ಈಗ ಅರ್ಧ ಸಂಬಳದ ಕೆಲಸದವಳು."

ನಗಿಸಲೆಂದು ಹೇಳಿದ್ದಳು. ನಾವು ಯಾರೂ ನಗಲಿಲ್ಲ, ಅವಳಿಗೂ ಆಗಲಿಲ್ಲ.

ಮರುದಿನ ಅಮ್ಮ ನೀಲಿಯನ್ನು ಬಲಗಣ್ಣಿಗೆ ಹಚ್ಚಿದಳು. ಎಡಗಣ್ಣಿಗೆ ಮುಲಾಮು ಹಚ್ಚಿ ಬಿಟ್ಟಳು. ಚಿಕ್ಕಮ್ಮ ಮಾರ್ಕೆಟ್ಟಿಗೆ ಹೋಗಲಿಲ್ಲ, ನಾವು ಕಳಿಸಲೂ ಇಲ್ಲ. ಬಿಸಿಲಿನ ಬದಲು ಒಲೆಯ ಮುಂದೆ ನಿಂತಳು. ಸಂಜೆ ಮಣೆಯ ಮುಂದೆ ಕೂತು, ತರಕಾರಿಯವಳು ಸುಮ್ಮನೆ ಕೊಟ್ಟ ಆ ಒಂದು ಹಿಡಿ ಈರುಳ್ಳಿಯನ್ನೇ ಹೆಚ್ಚಿದಳು. ಬಲಗಣ್ಣಿನಿಂದ ನೀರು ಇಳಿಯತೊಡಗಿತು. ಎಡಗಣ್ಣು ಕೆಂಪಾಯಿತು, ಅಷ್ಟೆ.

"ಇದಕ್ಕೆ ಡ್ರಾಪ್ಸ್ ಹಾಕೇ, ಒಣಗಿದೆ" ಎಂದು ನನ್ನನ್ನು ಕರೆದಳು.

ನಾನು ಅವಳ ತಲೆಯನ್ನು ನನ್ನ ಹೊಟ್ಟೆಗೆ ಒರಗಿಸಿಕೊಂಡು ಬಾಟಲಿಯಿಂದ ಹನಿ ಬಿಟ್ಟೆ. ಕೈ ಜಾರಿ ಜಾಸ್ತಿಯೇ ಬಿತ್ತು, ಕೆನ್ನೆಯ ಮೇಲೆ ಹರಿಯಿತು. ಎಷ್ಟೋ ತಿಂಗಳ ಮೇಲೆ ಅವಳ ಎರಡೂ ಕಣ್ಣುಗಳಿಂದ ಒಟ್ಟಿಗೆ ನೀರು ಇಳಿಯುತ್ತಿತ್ತು. ಅಮ್ಮ ಹತ್ತಿರ ಬಂದು ಅವಳ ಗಲ್ಲ ಹಿಡಿದಳು, ಬೆಳಕಿಗೆ ತಿರುಗಿಸಿದಳು, ಬಲಗಣ್ಣನ್ನು ಮಾತ್ರ ನೋಡಿದಳು.

"ನಿಂತಿದೆ" ಎಂದಳು.